ಹೆಸರು ಕರೆದಾಗ ಓ ಅನ್ನದವಳು

ಆಗಸ್ಟ್ ಬಂತೆಂದರೆ ನಮ್ಮ ಕಡೆಯ ಹೈಸ್ಕೂಲುಗಳಲ್ಲಿ ಪಾಠದ ದನಿಗಿಂತ ಸೀಟಿಯ ಸದ್ದೇ ಜೋರು. 15ರ ಧ್ವಜಾರೋಹಣಕ್ಕೆ ಡ್ರಿಲ್ಲು, ಅದರ ಬೆನ್ನಿಗೇ ಆಟೋಟ, ತಾಲೂಕು ಕ್ರೀಡಾಕೂಟ, ನಡುವೆ ಎಲ್ಲೋ ಪ್ರತಿಭಾ ಕಾರಂಜಿಯ ಕಂಠಪಾಠ, ಕೋಲಾಟ, ಛದ್ಮವೇಷ. ಅಷ್ಟರಲ್ಲಿ ಸೆಪ್ಟೆಂಬರ್ 17 ಬರುತ್ತದೆ, ಮತ್ತೊಂದು ಧ್ವಜ, ಮತ್ತೊಂದು ಡ್ರಿಲ್ಲು. ಬಳ್ಳಾರಿಯವರು ಮದ್ರಾಸಿನ ಕಡೆ ಇದ್ದವರು, ನಾವು ಓದುವ ಕಾಲಕ್ಕೆ ಅವರಿಗೆ ಈ ಎರಡನೇ ಡ್ರಿಲ್ಲಿನ ಕಾಟ ಇರಲಿಲ್ಲ. ರಾಯಚೂರು, ಕೊಪ್ಪಳದವರು ನಾವು ನಿಜಾಮನ ಕಡೆಯವರು. ದೇಶಕ್ಕೆ 1947ರಲ್ಲಿ ಸಿಕ್ಕ ಸ್ವಾತಂತ್ರ್ಯ ನಮಗೆ ಸಿಕ್ಕಿದ್ದು 1948ರಲ್ಲಿ. ಅದಕ್ಕೇ ನಮ್ಮ ಮಕ್ಕಳ ಕಾಲು ಎರಡು ಸಲ ನೋಯುತ್ತವೆ.

ಇವನ್ನೆಲ್ಲ ಇಲಾಖೆಯ ಕಾಗದಗಳಲ್ಲಿ ಸಹಪಠ್ಯ ಚಟುವಟಿಕೆ ಎಂದು ಬರೆಯುತ್ತಾರೆ. ಮಕ್ಕಳ ಮಟ್ಟಿಗೆ ಅದು ಅಂಕ ಇಲ್ಲದ ಇನ್ನೊಂದು ಪರೀಕ್ಷೆ. ಗೆದ್ದರೆ ಶಾಲೆಯ ಹೆಸರು, ಸೋತರೆ ನಿನ್ನ ಹೆಸರು. ನಾನು ಈಗ ಪ್ರೈಮರಿ ಶಾಲೆಯ ಟೀಚರು, ಆ ಕಡೆಯಿಂದಲೂ ನೋಡಿದ್ದೇನೆ, ಈ ಕಡೆಯಿಂದಲೂ ನೋಡುತ್ತಿದ್ದೇನೆ. ಬೇಡ ಅನ್ನುವುದನ್ನು ಮಕ್ಕಳು ಬಾಯಿಬಿಟ್ಟು ಹೇಳುವುದು ಕಡಿಮೆ. ಸರಿಯಾಗಿ ರಿಹರ್ಸಲ್ ದಿನವೇ ಜ್ವರ ಬರುತ್ತದೆ. ಕೋಲಾಟದ ಕೋಲು ಬಾವಿಗೆ ಬಿದ್ದಿರುತ್ತದೆ. ನಮ್ಮ ತರಗತಿಯ ಒಬ್ಬ ಹುಡುಗ ಭಾಷಣವನ್ನು ಪೂರ್ತಿ ಬಾಯಿಪಾಠ ಮಾಡಿದ್ದ, ವೇದಿಕೆಯ ಮೇಲೆ ಹತ್ತಿ ಅದನ್ನು ಎಷ್ಟು ಮೆಲ್ಲಗೆ ಹೇಳಿದನೆಂದರೆ ಮೈಕಿಗೂ ಕೇಳಲಿಲ್ಲ. ಮುಗಿದ ಮೇಲೆ ಮೂರೂ ಕಡೆ ತಿರುಗಿ ಕೈಮುಗಿದು ಇಳಿದು ಬಂದ. ತೀರ್ಪುಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನನ್ನು ಬೈಯಲು ಯಾರಿಗೂ ಕಾರಣ ಸಿಗಲಿಲ್ಲ, ಹೇಳಿಕೊಟ್ಟದ್ದನ್ನೆಲ್ಲ ಹೇಳಿದ್ದನಲ್ಲ.

ಇವು ನಗುವಂಥವು. ನಾನು ಬರೆಯಹೊರಟ ನಮ್ಮ ತರಗತಿಯ ಹುಡುಗಿಯೊಬ್ಬಳ ಕಥೆ ನಗುವಂಥದ್ದಲ್ಲ, ಅಳುವಂಥದ್ದೂ ಅಲ್ಲ.

ನಮ್ಮದು ಮಾನ್ವಿ ಕಡೆಯ ಒಂದು ಊರು. ಶಾಲೆಯ ಹೆಸರು ಬೇಡ. ತುಂಗಭದ್ರಾ ಎಡದಂಡೆ ಕಾಲುವೆ 200 ಕಿ.ಮೀ.ಗೂ ಹೆಚ್ಚು ಉದ್ದ ಹರಿದು ಬರುತ್ತದೆ. ಮೇಲೆ ಗಂಗಾವತಿ, ಸಿಂಧನೂರು ಕಡೆ ಭತ್ತದ ಗದ್ದೆಗಳು ಕುಡಿದು ಮಿಕ್ಕದ್ದು ನಮಗೆ, ಅಂದರೆ ಕೊನೇ ಭಾಗದವರಿಗೆ. ಮಿಕ್ಕರೆ ಉಂಟು. ಮಿಗದ ವರ್ಷ ಊರಿನ ಅರ್ಧ ಮನೆಗಳಿಗೆ ಕೀಲಿ ಬೀಳುತ್ತದೆ. ಸಂಜೆ ಬೆಂಗಳೂರು ಬಸ್ಸಿನ ಟಾಪಿನ ಮೇಲೆ ಜೋಳದ ಚೀಲ, ಬುಟ್ಟಿ, ಕೊಡ ಏರುತ್ತವೆ. ಗುಳೆ ಹೋಗುವುದೆಂದರೆ ನಮ್ಮಲ್ಲಿ ವಿಶೇಷ ಸುದ್ದಿಯಲ್ಲ, ಯಾರ ಮನೆಯವರು ಈ ವರ್ಷ ಹೋಗಲಿಲ್ಲ ಅನ್ನುವುದೇ ಸುದ್ದಿ.

ಆಕೆಯ ಹೆಸರನ್ನೂ ಬರೆಯುವುದಿಲ್ಲ. ಮದುವೆಯಾಗಿ ಸಂಸಾರಸ್ಥೆಯಾಗಿದ್ದಾಳೆ, ಬರೆದರೆ ಫೋನ್ ಮಾಡಿ ಬೈಯುತ್ತಾಳೆ. ಪ್ರೈಮರಿಯಲ್ಲಿದ್ದಾಗ ಅವ್ವ ಅಪ್ಪನ ಜತೆ ಬೆಂಗಳೂರಿಗೆ ಹೋಗಿ ಎರಡು ವರ್ಷ ಶಾಲೆ ಬಿಟ್ಟವಳು. ಆಮೇಲೆ ಚಿಣ್ಣರ ಅಂಗಳದಲ್ಲಿ ಕೂಡಿಸಿ, ಬಿಟ್ಟ ಪಾಠವನ್ನೆಲ್ಲ ಎರಡು ತಿಂಗಳಲ್ಲಿ ಕಲಿಸಿ, ನಮ್ಮ ತರಗತಿಗೆ ತಂದು ಕೂಡಿಸಿದ್ದರು. ನಮಗಿಂತ ಒಂದು ಗೇಣು ಎತ್ತರ, ಮಾತು ಕಡಿಮೆ. ಖೋ ಖೋ ಅಂಕಣಕ್ಕೆ ಇಳಿದರೆ ಮಾತ್ರ ಬೇರೆಯೇ ಮನುಷ್ಯಳು.

ಖೋ ಖೋ ಆಡದವರಿಗೆ ಒಂದಿಷ್ಟು ಹೇಳಬೇಕು. ಎರಡು ಕಂಬ, ನಡುವೆ ಉದ್ದನೆಯ ಪಟ್ಟಿ, ಅದರಲ್ಲಿ ಎಂಟು ಮಂದಿ ಕುಕ್ಕರುಗಾಲಲ್ಲಿ ಕೂತಿರುತ್ತಾರೆ, ಒಬ್ಬರು ಈ ಕಡೆ ಮುಖ, ಪಕ್ಕದವರು ಆ ಕಡೆ. ಒಂಬತ್ತನೆಯವರು ಅಟ್ಟಿಸಿಕೊಂಡು ಹೋಗುವವರು. ಎದುರಾಳಿಗಳು ಮೂರು ಮೂರು ಮಂದಿಯಾಗಿ ಒಳಗೆ ಬಂದು ತಪ್ಪಿಸಿಕೊಳ್ಳುತ್ತಾ ಓಡುತ್ತಾರೆ, ಕೂತವರ ನಡುವೆ ಹಾವಿನ ಹಾಗೆ ಹೆಣೆದುಕೊಂಡು. ಅಟ್ಟುವವರು ನಡುಪಟ್ಟಿ ದಾಟುವಂತಿಲ್ಲ, ಹೊರಟ ದಿಕ್ಕು ಬದಲಿಸುವಂತಿಲ್ಲ. ಕಂಬ ಸುತ್ತದೆ ದಿಕ್ಕು ಬದಲಾಗಬೇಕಾದರೆ ಕೂತವರಲ್ಲಿ ಒಬ್ಬರ ಬೆನ್ನು ಮುಟ್ಟಿ ‘ಖೋ’ ಎಂದು ಕೂಗಬೇಕು. ಕೂಗುವ ಮೊದಲು ಎದ್ದರೆ ಫೌಲು. ಕೂಗಿದ ಮೇಲೆ ತಡಮಾಡಿದರೆ ಓಡುವವರು ಕೈಗೆ ಸಿಗುವುದಿಲ್ಲ. ಹಾಗಾಗಿ ಕೂತವರ ಜೀವವೆಲ್ಲ ಬೆನ್ನಲ್ಲಿ ಇರುತ್ತದೆ. ಆಗ ನಾವು ಒಂದು ಸರದಿಗೆ ಒಂಬತ್ತು ನಿಮಿಷ ಆಡುತ್ತಿದ್ದೆವು. ಎಂಟನೇ ನಿಮಿಷಕ್ಕೆ ತೊಡೆ ಉರಿಯಲು ಶುರುವಾಗುತ್ತದೆ, ರಾಯಚೂರಿನ ಬಿಸಿಲನ್ನು ಬೇರೆ ಹೇಳಬೇಕಾಗಿಲ್ಲ.

ಆಕೆ ಕಂಬದ ಹುಡುಗಿ. ಓಡುತ್ತಾ ಬಂದು ಕಂಬಕ್ಕೆ ಒಂದು ಕೈ ಕೊಟ್ಟು, ಇಡೀ ಮೈಯನ್ನು ನೆಲಕ್ಕೆ ಅಡ್ಡಡ್ಡ ಎಸೆದು ಬೆರಳ ತುದಿಯಿಂದ ಓಡುವವರನ್ನು ಮುಟ್ಟುವುದಕ್ಕೆ ಪೋಲ್ ಡೈವ್ ಅನ್ನುತ್ತಾರೆ. ನಮ್ಮದು ಮ್ಯಾಟ್ ಅಲ್ಲ, ಎರೆ ನೆಲದ ಮೇಲೆ ಮರಂ ಸುರಿದ ಅಂಕಣ. ಅದರ ಮೇಲೆ ಮೈ ಎಸೆಯಲು ಹುಡುಗರೂ ಹಿಂದೆಮುಂದೆ ನೋಡುತ್ತಿದ್ದರು. ಆಕೆಯ ಎಡ ಮೊಣಕೈ ವರ್ಷಪೂರ್ತಿ ಸುಲಿದೇ ಇರುತ್ತಿತ್ತು, ಗಾಯಕ್ಕೆ ಅರಿಸಿನ ಒತ್ತಿಕೊಂಡು ಬರುತ್ತಿದ್ದಳು.

ನಮ್ಮ ಪಿ.ಟಿ. ಸರು ಕೆಟ್ಟವರಾಗಿರಲಿಲ್ಲ. ಕೆಟ್ಟವರಾಗಿದ್ದರೆ ಈ ಬರಹ ಇಷ್ಟು ಕಷ್ಟವಾಗುತ್ತಿರಲಿಲ್ಲ. ಬೆಳಗಿನ ಐದೂವರೆಗೆ ನಮಗಿಂತ ಮೊದಲೇ ಬಂದು ತಾವೇ ಸುಣ್ಣದ ಗೆರೆ ಹಾಕುತ್ತಿದ್ದರು. ಪ್ರಾಕ್ಟೀಸು ಮುಗಿದ ಮೇಲೆ ಸ್ವಂತ ರೊಕ್ಕದಲ್ಲಿ ಒಗ್ಗರಣಿ ಮಿರ್ಚಿ ತರಿಸಿ ಹಾಳೆಯ ಮೇಲೆ ಹಾಕಿ ಹಂಚುತ್ತಿದ್ದರು. ಹೆಣ್ಣುಮಕ್ಕಳನ್ನು ಆಡಿಸಬೇಡಿ ಎಂದು ಊರ ಹಿರಿಯರು ಬಂದಾಗ ‘ನಾಳೆ ಇವರೇ ಪೊಲೀಸ್ ಆಗಿ ಬಂದು ನಿಮಗ ಸೆಲ್ಯೂಟ್ ಹೊಡಿಸ್ತಾರ, ಸುಮ್ಮನ ಹೋಗ್ರಿ’ ಎಂದು ಕಳಿಸಿದವರು. ಆಕೆಗೆ ಕ್ಯಾನ್ವಾಸ್ ಬೂಟು ಕೊಡಿಸಿದ್ದೂ ಅವರೇ. ಶಾಲೆಯ ಒತ್ತಡ ಎಂದ ಕೂಡಲೇ ಬೆತ್ತ ಹಿಡಿದ ಮಾಸ್ತರನ್ನು ನೆನೆಯುವವರು ಅರ್ಧ ಮಾತ್ರ ನೋಡಿರುತ್ತಾರೆ. ಬೆತ್ತದ ಎದುರು ಹಟ ಹಿಡಿಯಬಹುದು, ಅತ್ತರೂ ನಾಚಿಕೆಯಿಲ್ಲ. ಒಗ್ಗರಣಿ ತಿನಿಸಿದವರು, ಬೂಟು ಕೊಡಿಸಿದವರು ಒಂದು ಮಾತು ಕೇಳಿದರೆ ಹದಿನೇಳರ ಹುಡುಗಿ ಏನು ಮಾಡಬೇಕು?

ಅವರು ಕೇಳಿದ್ದು ಒಂದು ಮಾತನ್ನೇ. ಹೈಸ್ಕೂಲಿನ ಕ್ರೀಡಾಕೂಟಕ್ಕೆ ಹದಿನೇಳರ ಗಡಿ ಇದೆ. ಎರಡು ವರ್ಷ ಕಳೆದುಕೊಂಡು ಬಂದ ಆಕೆ 2009ರಲ್ಲಿ, ನಾವು ಹತ್ತನೇ ತರಗತಿಯಲ್ಲಿದ್ದಾಗ, ಆ ಗಡಿಯನ್ನು ಕೆಲವು ತಿಂಗಳಷ್ಟು ದಾಟಿದ್ದಳು.

‘ನೋಡವ್ವ, ನಿನ್ನ ಹೆಸರಿಲೆ ಕಳಿಸಿದ್ರ ಅವರು ಬರಕೊಳ್ಳಂಗಿಲ್ಲ. ಬಿ ಸೆಕ್ಷನ್ ಹುಡುಗಿ ಹೆಸರು ಹಾಕೀನಿ. ಫೋಟೋ ನಿಂದ, ಹೆಸರು ಆಕಿದು. ಕರದಾಗ ಓ ಅಂದ್ರ ಮುಗೀತು.’

‘ಬ್ಯಾಡ್ರಿ ಸರ.’

ಅಷ್ಟೇ ಅಂದಳು. ಯಾಕೆ ಎಂದು ಕೇಳಿದರೆ ನೆಲ ನೋಡಿದಳು. ಸರು ನಕ್ಕು, ಇವತ್ತಿಗೂ ನನಗೆ ಉತ್ತರ ಹೊಳೆಯದ ಒಂದು ತರ್ಕ ಮುಂದಿಟ್ಟರು. ‘ನಿನ್ನ ಹುಟ್ಟಿದ ತಾರೀಕು ಏನು? ಜೂನ್ ಒಂದು. ಈ ಟೀಮಿನ್ಯಾಗ ಎಷ್ಟ್ ಮಂದಿದು ಜೂನ್ ಒಂದು ಅದ, ಕೈ ಎತ್ರಿ ನೋಡೋಣ.’ ಅರ್ಧಕ್ಕಿಂತ ಹೆಚ್ಚು ಕೈಗಳು ಎದ್ದವು, ನನ್ನದೂ ಸೇರಿ. ‘ನೋಡು, ಎಲ್ಲಾ ಮಾಸ್ತರ ಬರದ ಸುಳ್ಳು. ಒಂದು ಸುಳ್ಳು ಹೊತ್ತುಕೊಂಡು ಹತ್ತು ವರ್ಷ ಸಾಲಿ ಕಲ್ತೀರಿ, ಇನ್ನೊಂದು ಸುಳ್ಳು ಅರ್ಧ ದಿನ ಹೊತ್ತರ ಏನ್ ಭಾರ ಆಗ್ತದ?’

ಮಾತು ಸುಳ್ಳಲ್ಲ. ಜನನ ಮರಣ ನೋಂದಣಿ ಕಾಯ್ದೆ 1969ರಲ್ಲೇ ಬಂದಿತ್ತು, ನಮ್ಮೂರಿಗೆ ಮಾತ್ರ ಬಂದಿರಲಿಲ್ಲ. ಮಗುವನ್ನು ಶಾಲೆಗೆ ಕರೆತಂದ ಅಜ್ಜನನ್ನು ಕೇಳಿದರೆ ‘ಕಾರಹುಣ್ಣಿಮಿ ಮುಂದ ಹುಟ್ಟ್ಯಾಳ್ರಿ, ದೊಡ್ಡ ಬರ ಬಿದ್ದ ಮರುವರ್ಷ’ ಅನ್ನುತ್ತಿದ್ದ. ಮಾಸ್ತರು ಒಂದನೇ ತರಗತಿಗೆ ಬೇಕಾದಷ್ಟು ವಯಸ್ಸು ತುಂಬುವ ಹಾಗೆ ಹಿಂದಕ್ಕೆ ಲೆಕ್ಕ ಹಾಕಿ ಜೂನ್ 1 ಎಂದು ಬರೆದುಬಿಡುತ್ತಿದ್ದರು. ನಾನು ಕೆಲಸ ಮಾಡುವ ಶಾಲೆಯ ಹಳೆಯ ದಾಖಲಾತಿ ರಜಿಸ್ಟರ್ ತೆರೆದರೆ ಪುಟಗಟ್ಟಲೆ ಜೂನ್ ಒಂದುಗಳೇ. ನಾನೇ ಸಹ ಜೂನ್ ಒಂದರಂದು ವಾಟ್ಸಾಪಿನಲ್ಲಿ ಶುಭಾಶಯ ತೆಗೆದುಕೊಂಡು ಧನ್ಯವಾದ ಹೇಳುತ್ತೇನೆ. ಹಾಗಿರುವಾಗ ಹದಿನೇಳು ತುಂಬಿತು, ತುಂಬಲಿಲ್ಲ ಅನ್ನುವುದೇ ಒಂದು ಊಹೆಯ ಮೇಲೆ ನಿಂತ ಕಾನೂನು. ಆಕೆಗೆ ನಿಜವಾಗಿ ಹದಿನಾರೇ ಇದ್ದಿರಬಹುದು. ಹದಿನೆಂಟೂ ಇದ್ದಿರಬಹುದು. ಅದರ ಮರುವರ್ಷ, 2010ರಲ್ಲಿ, ಕ್ರೀಡೆಯಲ್ಲಿ ವಯಸ್ಸಿನ ಮೋಸ ತಡೆಯಲು ಕೇಂದ್ರ ಸರ್ಕಾರ ಒಂದು ರಾಷ್ಟ್ರೀಯ ಸಂಹಿತೆ ತಂದಿತು. ವೈದ್ಯಕೀಯ ತಪಾಸಣೆ, ಎಲುಬಿನ ಎಕ್ಸ್-ರೇ ಎಲ್ಲ ಅದರಲ್ಲಿದ್ದವು. ಮಣಿಕಟ್ಟಿನ ಎಲುಬು ನೋಡಿ ವಯಸ್ಸು ಅಂದಾಜು ಮಾಡಬಹುದಂತೆ. ಒಳ್ಳೆಯದೇ. ಹೆಸರನ್ನು ನೋಡಲು ಅಂಥ ಎಕ್ಸ್-ರೇ ಇಲ್ಲ.

ಆಮೇಲೆ ಒಬ್ಬೊಬ್ಬರಾಗಿ ಆಕೆಗೆ ಹೇಳಿದರು. ಹೆಡ್‌ಮಾಸ್ಟರು ಕರೆದು, ಊರಿನ ಮರ್ಯಾದೆ ನಿನ್ನ ಕೈಯಾಗ ಅದ ಅಂದರು. ಕನ್ನಡ ಮೇಡಮ್ಮು ನಿನ್ನ ಭವಿಷ್ಯದ ಸಲುವಾಗಿ ಅಂದರು. ಅಪ್ಪನನ್ನು ಶಾಲೆಗೆ ಕರೆಸಿದರು. ಆತ ಟವಲು ಹೆಗಲಿಂದ ಇಳಿಸಿ ಕೈಯಲ್ಲಿ ಹಿಡಿದುಕೊಂಡು, ಸರು ಹೇಳಿದಂಗ ಕೇಳವ್ವ ಅಂದು ಹೋದ. ನಾವೂ ಅಂದೆವು. ಜೂನಿನಿಂದ ಮೊಣಕಾಲು ಸುಲಿದುಕೊಂಡವರು ನಾವು, ಒಬ್ಬಳ ಮೊಂಡುತನಕ್ಕೆ ಎಲ್ಲರೂ ಸೋಲಬೇಕೇನಲೇ ಎಂದು ಕೇಳದೆ ಇರಲು ಹೇಗಾಗುತ್ತದೆ. ಬೇರೆ ಶಾಲೆಯವರೂ ಇದನ್ನೇ ಮಾಡುತ್ತಾರೆ ಅನ್ನುವುದು ಪ್ರತಿಯೊಬ್ಬರ ಕೊನೆಯ ಮಾತಾಗಿರುತ್ತಿತ್ತು.

ಆಕೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಬೆಳಿಗ್ಗೆ ಬರುತ್ತಿದ್ದಳು, ಕಂಬಕ್ಕೆ ಬೀಳುತ್ತಿದ್ದಳು, ಹೋಗುತ್ತಿದ್ದಳು. ಸುಮ್ಮನಿದ್ದಾಳೆ ಅಂದರೆ ಒಪ್ಪಿದ್ದಾಳೆ ಎಂದು ಎಲ್ಲರೂ ತಿಳಿದುಕೊಂಡರು. ನಮ್ಮಲ್ಲಿ ಈ ಕಾನೂನು ಬಹಳ ಹಳೆಯದು. ಹೆಣ್ಣು ನೋಡಲು ಬಂದಾಗ ಹುಡುಗಿ ತಲೆ ತಗ್ಗಿಸಿದರೆ ಒಪ್ಪಿಗೆ. ಗ್ರಾಮಸಭೆಯಲ್ಲಿ ಹಿಂದೆ ಕೂತವರು ಸುಮ್ಮನಿದ್ದರೆ ಒಪ್ಪಿಗೆ, ಠರಾವು ಪಾಸು. ಮೌನಕ್ಕೆ ಇನ್ನೊಂದು ಅರ್ಥ ಇರಬಹುದು ಎಂದು ಯಾರೂ ಕೇಳಿ ನೋಡುವುದಿಲ್ಲ, ಕೇಳಿದರೆ ಕೆಲಸ ಕೆಡುತ್ತದೆ.

ತಾಲೂಕು ಕ್ರೀಡಾಕೂಟದ ದಿನ ಕ್ರೂಸರ್ ಗಾಡಿಯಲ್ಲಿ ಹನ್ನೆರಡು ಮಂದಿ ಹುಡುಗಿಯರು, ಸರು, ಒಂದು ನೀರಿನ ಕ್ಯಾನು, ಗಂಟು ಕಟ್ಟಿದ ರೊಟ್ಟಿ, ಶೇಂಗಾ ಹಿಂಡಿ. ಆಕೆ ಬರಿಗಾಲಲ್ಲಿ ಬಂದಿದ್ದಳು. ಖೋ ಖೋ ಬರಿಗಾಲಲ್ಲಿ ಆಡುವುದು ಹೊಸದಲ್ಲವಾದ್ದರಿಂದ ಯಾರೂ ಕೇಳಲಿಲ್ಲ. ಬೂಟುಗಳನ್ನು ತೊಳೆದು ಒಣಗಿಸಿ, ಒಂದರೊಳಗೊಂದು ಲೇಸು ಸುತ್ತಿ, ಪಿ.ಟಿ. ರೂಮಿನ ಕಿಟಕಿಯಲ್ಲಿಟ್ಟು ಬಂದಿದ್ದಳೆಂದು ಮರುದಿನ ತಿಳಿಯಿತು. ಹಿಂದಿನ ದಿನವೇ ಕಂಡಿದ್ದರೂ ಅದರ ಅರ್ಥ ನಮಗೆ ಆಗುತ್ತಿತ್ತೆಂದು ನಾನು ಹೇಳಲಾರೆ.

ಆಟಕ್ಕೆ ಮುಂಚೆ ತಂಡವನ್ನು ಸಾಲಾಗಿ ನಿಲ್ಲಿಸಿ, ಬೇರೊಂದು ಶಾಲೆಯ ಪಿ.ಟಿ. ಮಾಸ್ತರು ಪಟ್ಟಿ ಹಿಡಿದು ಹೆಸರು ಕೂಗಿದರು. ಹೆಸರು ಬಂದವರು ಓ ಅಂದು ಒಂದು ಹೆಜ್ಜೆ ಮುಂದೆ. ನನ್ನದಾಯಿತು. ನನ್ನ ಪಕ್ಕದವಳದಾಯಿತು. ಬಿ ಸೆಕ್ಷನ್ ಹುಡುಗಿಯ ಹೆಸರು ಬಂತು.

ಯಾರೂ ಓ ಅನ್ನಲಿಲ್ಲ.

ಅವರು ಮತ್ತೊಮ್ಮೆ ಕೂಗಿದರು, ಈ ಸಲ ಅಪ್ಪನ ಹೆಸರನ್ನೂ ಸೇರಿಸಿ. ನಮ್ಮ ಸರು ಸಾಲಿನ ಆಚೆಯಿಂದ ಹುಬ್ಬು ಹಾರಿಸಿದರು. ನನ್ನ ಹಿಂದಿದ್ದವಳು ಆಕೆಯ ಬೆನ್ನಿಗೆ ಬೆರಳಲ್ಲಿ ತಿವಿದಳು, ಅಂಕಣದೊಳಗೆ ಖೋ ಕೊಡುವ ಹಾಗೆಯೇ. ಅಂಕಣದಲ್ಲಾಗಿದ್ದರೆ ಬೆರಳು ತಾಗುವುದರೊಳಗೆ ಎದ್ದು ಅರ್ಧ ಅಂಕಣ ದಾಟಿರುತ್ತಿದ್ದಳು. ಈಗ ಅಲುಗಲಿಲ್ಲ. ಮುಖದಲ್ಲಿ ಸಿಟ್ಟೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಬೇರೆ ಊರಿನ ಬಸ್ಸಿಗೆ ಯಾರನ್ನೋ ಕರೆಯುತ್ತಿದ್ದರೆ ನಾವು ಹೇಗೆ ನಿಂತಿರುತ್ತೇವೆ, ಹಾಗೆ ನಿಂತಿದ್ದಳು. ಪಟ್ಟಿ ಹಿಡಿದವರು ಪೆನ್ನು ತೆಗೆದು ಏನೋ ಗುರುತು ಹಾಕಿಕೊಂಡರು. ಪಟ್ಟಿ ಮುಗಿಯಿತು. ಹನ್ನೊಂದು ಮಂದಿ ಒಂದು ಹೆಜ್ಜೆ ಮುಂದೆ, ಆಕೆ ಒಬ್ಬಳೇ ಹಿಂದೆ. ‘ನೀ ಯಾರವ್ವ?’ ಎಂದು ಅವರು ಕೇಳಿದರು. ಆಗ ತನ್ನ ಹೆಸರು ಹೇಳಿದಳು. ಪಟ್ಟಿಯಲ್ಲಿ ಆ ಹೆಸರಿಲ್ಲ. ‘ಹಂಗಾರ ಗೆರಿ ಆಚಿ ಕುಂದ್ರು’ ಅಂದರು. ಹೋಗಿ ಬೇವಿನ ಗಿಡದ ಕೆಳಗೆ, ಸುಣ್ಣದ ಗೆರೆಯ ಆಚೆ ಕೂತಳು.

ಮುಂದಿನದನ್ನು ನಾನು ಬಹಳ ಸಲ ನೆನಪಿಸಿಕೊಂಡಿದ್ದೇನೆ. ಮುನಿಸಿಕೊಂಡು ಕೂತಿರಲಿಲ್ಲ. ಆಟ ಶುರುವಾದ ಕ್ಷಣದಿಂದ ಆ ಗಿಡದ ಕೆಳಗಿನಿಂದ ಒಂದೇ ಸಮನೆ ಕೂಗಾಟ. ‘ಎಡಕ್ಕ ತಿರುಗಿದ್ಲು, ಖೋ ಕೊಡು, ಖೋ ಕೊಡು!’ ‘ಕಂಬದ ಕಡೆ ಒತ್ತು, ನಡುವ ಬಿಡಬ್ಯಾಡ!’ ದನಿ ಒಡೆದು ಹೋಗುವವರೆಗೆ ಕೂಗಿದಳು. ಆಟವನ್ನು ಬಿಡಲು ಆಕೆ ಒಪ್ಪಿರಲೇ ಇಲ್ಲ. ಅದರ ಜತೆ ಗಂಟು ಹಾಕಿ ಕೊಟ್ಟದ್ದನ್ನಷ್ಟೇ ಮುಟ್ಟಲಿಲ್ಲ. ಇದು ನನಗೆ ಅರ್ಥವಾಗಲು ವರ್ಷಗಳು ಬೇಕಾದವು, ಯಾಕೆಂದರೆ ನಮ್ಮ ಶಾಲೆಗಳಲ್ಲಿ ಈ ಎರಡನ್ನೂ ಬೇರೆ ಮಾಡಿ ತೋರಿಸುವುದೇ ಇಲ್ಲ. ಬರುವುದಾದರೆ ಪೂರ್ತಿ ಬಾ, ಇಲ್ಲದಿದ್ದರೆ ಪೂರ್ತಿ ಹೋಗು. ಕಬಡ್ಡಿ ಇಷ್ಟವಾದರೂ ಬೈಗುಳ ಇಷ್ಟವಾಗದವರು, ಹಾಡು ಬೇಕು ಸ್ಪರ್ಧೆ ಬೇಡ ಅನ್ನುವವರು ಕೊನೆಗೆ ಎರಡನ್ನೂ ಬಿಟ್ಟು ಮನೆಯಲ್ಲಿ ಕೂಡುತ್ತಾರೆ. ನಾವು ಅವರಿಗೆ ಆಸಕ್ತಿ ಇಲ್ಲ ಎಂದು ಬರೆದು ಮುಗಿಸುತ್ತೇವೆ. ನಾನೂ ಅಂಥ ಷರಾ ಓದಿದ್ದೇನೆ, ಬರೆದ ಸಹೋದ್ಯೋಗಿಯ ಜತೆ ಜಗಳವಾಡಿದ್ದೇನೆ.

ಮೊದಲ ಆಟಗಳನ್ನು ಗೆದ್ದೆವು, ಫೈನಲ್ ಸೋತೆವು. ನಮ್ಮನ್ನು ಸೋಲಿಸಿದ ತಂಡದ ಕಂಬದ ಹುಡುಗಿ ಪಿಯುಸಿ ಓದುತ್ತಿದ್ದಳೆಂದು ಆಮೇಲೆ ಗೊತ್ತಾಯಿತು. ಅಂದರೆ ಎಲ್ಲರೂ ಹೇಳಿದ ಕೊನೆಯ ಮಾತು ನಿಜವೇ ಆಗಿತ್ತು.

ವಾಪಸು ಬರುವಾಗ ಗಾಡಿಯಲ್ಲಿ ಯಾರೂ ಮಾತಾಡಲಿಲ್ಲ. ಸರು ದಾರಿಯಲ್ಲಿ ಗಾಡಿ ನಿಲ್ಲಿಸಿ ಎಂದಿನ ಹಾಗೆ ಒಗ್ಗರಣಿ ಮಿರ್ಚಿ ತರಿಸಿದರು, ಹನ್ನೆರಡು ಹಾಳೆ. ಆಕೆಯೂ ತಿಂದಳು. ಮಾರನೆಯ ದಿನ ಬೆಳಿಗ್ಗೆ ಐದೂವರೆಗೆ ಬಂದು ನಿಂತಿದ್ದಳು. ‘ನೀ ಇನ್ನ ಬರೂದು ಬ್ಯಾಡ, ಯಾವ ಕೂಟಕ್ಕೂ ನಿನ್ನ ಕಳಸಂಗಿಲ್ಲಲ್ಲ’ ಎಂದರು ಸರು. ದನಿಯಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಿತ್ತು. ಅದರ ಮರುದಿನವೂ ಬಂದಳು. ಮೂರನೆಯ ದಿನ ಅವರು ಸೀಟಿ ಊದಿ, ಒಂಬತ್ತನೆಯವರ ಜಾಗಕ್ಕೆ ಆಕೆಯನ್ನು ಸುಮ್ಮನೆ ಕೈ ತೋರಿಸಿದರು. ಆ ಬಗ್ಗೆ ಇಬ್ಬರ ನಡುವೆ ಮಾತು ಬರಲೇ ಇಲ್ಲ. ಎಂಟು, ಒಂಬತ್ತರ ಹುಡುಗಿಯರು ಪೋಲ್ ಡೈವ್ ಕಲಿತದ್ದು ಆಕೆಯಿಂದ.

ಸರಿನ ಪಾಡನ್ನೂ ಹೇಳಬೇಕು. ನಾನೂರು ಚಿಲ್ಲರೆ ಮಕ್ಕಳಿಗೆ ಒಬ್ಬರೇ ಪಿ.ಟಿ. ಮಾಸ್ತರು, ಕ್ರೀಡಾನಿಧಿ ಎಂದು ಸಿಗುವುದು ಸುಣ್ಣಕ್ಕೂ ಸಾಲದು. ಸ್ಟಾಫ್ ಮೀಟಿಂಗಿನಲ್ಲಿ ಪ್ರತಿ ವರ್ಷ ಒಂದೇ ಪ್ರಶ್ನೆ, ಈ ಸಲ ಏನು ತಂದಿರಿ. ಅವರ ಕುತ್ತಿಗೆಯ ಮೇಲೂ ಯಾರದೋ ಕೈ ಇತ್ತು. ಅದನ್ನು ಅವರು ನಮ್ಮ ಹೆಗಲಿಗೆ ದಾಟಿಸಿದರು, ಖೋ ಕೊಟ್ಟು ದಾಟಿಸಿದಷ್ಟು ಸಲೀಸಾಗಿ. ಹಾಗಂತ ಅವರದು ಸರಿ ಅನ್ನುತ್ತಿಲ್ಲ.

ಆ ಸೆಪ್ಟೆಂಬರ್ ಕೊನೆಗೆ ಮಳೆ ಹಿಡಿಯಿತು. ಅಕ್ಟೋಬರ್ ಮೊದಲಿಗೆ ತುಂಗಭದ್ರೆ ಮಂತ್ರಾಲಯದ ಮಠದೊಳಕ್ಕೆ ನುಗ್ಗಿದ ಚಿತ್ರಗಳನ್ನು ಎಲ್ಲರೂ ಟಿ.ವಿ.ಯಲ್ಲಿ ನೋಡಿದರು. ನೀರಿಲ್ಲದೆ ಗುಳೆ ಹೋಗುತ್ತಿದ್ದ ನಮ್ಮೂರಿನ ಮಂದಿ ಆ ವರ್ಷ ನೀರು ಬಂದು ಗುಳೆ ಹೋದರು. ಎರೆಹೊಲದ ಬೆಳೆ ಕೊಳೆತು ಹೋಗಿತ್ತು, ಮಣ್ಣಿನ ಮನೆಗಳು ಕುಸಿದಿದ್ದವು. ಆಕೆಯ ಮನೆಯವರೂ ಮೇಸ್ತ್ರಿಯಿಂದ ಮುಂಗಡ ತಗೊಂಡು ದೀಪಾವಳಿಗೆ ಮುಂಚೆಯೇ ಬಸ್ಸು ಹತ್ತಿದರು. ಪರೀಕ್ಷೆ ಹತ್ತಿರ ಬಂದಾಗ ಆಕೆ ಒಬ್ಬಳೇ ಬಂದು, ಅಜ್ಜಿಯ ಮನೆಯಲ್ಲಿದ್ದು ಎಸ್ಸೆಸ್ಸೆಲ್ಸಿ ಬರೆದು ಪಾಸಾದಳು. ಪೊಲೀಸ್ ಆಗಲಿಲ್ಲ. ಇವತ್ತು ಮಾನ್ವಿ ಹತ್ತಿರ ಗಂಡನ ಊರ ಅಂಗನವಾಡಿಯಲ್ಲಿ ಸಹಾಯಕಿ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತಲ್ಲ. ಫೈನಲ್ಲಿನಲ್ಲಿ ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು 78-40ರಿಂದ ಸೋಲಿಸಿದರು, ಗಂಡುಮಕ್ಕಳೂ ಗೆದ್ದರು. ತಿ. ನರಸೀಪುರ ತಾಲೂಕಿನ ಕುರುಬೂರಿನ ಚೈತ್ರಾ ತಂಡದಲ್ಲಿದ್ದಳು. ನಾನು ವಿಡಿಯೊ ಕಳಿಸಿದ್ದಕ್ಕೆ ನಮ್ಮ ಕಂಬದ ಹುಡುಗಿ ತಕ್ಷಣ ಫೋನ್ ಮಾಡಿ, ಮ್ಯಾಟಿನ ಬಣ್ಣದ ಬಗ್ಗೆ, ಏಳೇ ಮಂದಿ ಆಡುವ ಹೊಸ ರೀತಿಯ ಬಗ್ಗೆ, ವಜೀರ್ ಎಂಬುವನು ಯಾವ ದಿಕ್ಕಿಗಾದರೂ ಓಡಬಹುದು ಅನ್ನುವ ಅನ್ಯಾಯದ ಬಗ್ಗೆ ಅರ್ಧ ತಾಸು ಮಾತಾಡಿದಳು. ಮಾತಿನ ನಡುವೆ ನಾನು ಕೇಳಿಯೇಬಿಟ್ಟೆ, ಅವತ್ತು ಯಾಕಲೇ ಓ ಅನ್ನಲಿಲ್ಲ ನೀನು?

ನಾನು ದೊಡ್ಡದೇನನ್ನೋ ಕಾಯುತ್ತಿದ್ದೆ. ನನ್ನ ಹತ್ತಿರ ಒಂದು ಉತ್ತರವೂ ತಯಾರಿತ್ತು. ಬೆಂಗಳೂರಿನ ಕಟ್ಟಡದ ಕೆಲಸದಲ್ಲಿ ಆಕೆ ಇಟ್ಟಿಗೆ ಹೊತ್ತದ್ದನ್ನು ಮೇಸ್ತ್ರಿ ಅವ್ವನ ಲೆಕ್ಕಕ್ಕೆ ಬರೆಯುತ್ತಿದ್ದನಂತೆ, ಅವ್ವ ಒಂದೂವರೆ ಆಳು. ಆ ಅರ್ಧ ಆಳಿಗೆ ಹಾಜರಿ ಪುಸ್ತಕದಲ್ಲಿ ಹೆಸರಿರಲಿಲ್ಲ. ಊರಲ್ಲಿ ನೋಡಿದರೆ ಇದರ ತಿರುವು ಮುರುವು. ಉದ್ಯೋಗ ಖಾತ್ರಿ 2006ರಲ್ಲೇ ನಮ್ಮ ಜಿಲ್ಲೆಗೆ ಬಂದಿತ್ತು, ಹಾಜರಿಯಲ್ಲಿ ಹೆಸರಿದ್ದು ಕೆರೆಯ ಹತ್ತಿರ ಸುಳಿಯದ ಮಂದಿಯೂ ಇದ್ದರು. ಇದೆಲ್ಲ ಆಕೆಯ ಮನಸ್ಸಿನಲ್ಲಿ ಕೂತಿತ್ತು, ಅದಕ್ಕೇ ಹಾಗೆ ನಿಂತಳು ಎಂದು ನಾನು ವರ್ಷಗಳಿಂದ ಹೆಣೆದಿಟ್ಟಿದ್ದೆ. ಹೇಳಿದೆ. ಆಕೆ ನಕ್ಕಳು.

‘ಅವೆಲ್ಲ ನಿಂದು ಟೀಚರ್ ಮಾತು. ಆ ಹುಡುಗಿ ಹೆಸರು ಕರದ್ರು, ಆಕಿ ಅಲ್ಲಿ ಇರಲಿಲ್ಲ. ನಾ ಯಾಕ ಓ ಅನ್ಲಿ?’

ಅಂಗನವಾಡಿಯ ಒಲೆಯ ಮೇಲೆ ಏನೋ ಉಕ್ಕಿತು, ಫೋನ್ ಇಟ್ಟಳು.

ಆ ಹುಡುಗಿ. ಈ ಕಥೆಯನ್ನು ಯಾರಿಗೆ ಹೇಳಿದರೂ ಎಲ್ಲರೂ ಮರೆಯುವುದು ಆಕೆಯನ್ನು. ಬಿ ಸೆಕ್ಷನ್ನಿನಲ್ಲಿ ಎರಡನೇ ಬೆಂಚಿನಲ್ಲಿ ಕೂಡುತ್ತಿದ್ದ, ಗ್ರೌಂಡಿನ ಕಡೆ ತಲೆಹಾಕದ, ಬಿಸಿಲಿಗೆ ಹೋದರೆ ತಲೆನೋವು ಬರುತ್ತಿದ್ದ ಹುಡುಗಿ. ತನ್ನ ಹೆಸರು, ಅಪ್ಪನ ಹೆಸರು, ದಾಖಲಾತಿ ಸಂಖ್ಯೆ ತಾಲೂಕಿಗೆ ಹೋಗಿ ಬಂದದ್ದು ಆಕೆಗೆ ಗೊತ್ತೇ ಇರಲಿಲ್ಲ. ಯಾರೂ ಕೇಳಿರಲಿಲ್ಲ. ಎಲ್ಲರೂ ಕಂಬದ ಹುಡುಗಿಯನ್ನು ಒಪ್ಪಿಸಲು ಹೆಣಗಿದರು, ಹೆಸರಿನ ಒಡತಿಯನ್ನು ಒಪ್ಪಿಸಬೇಕೆಂದು ಒಬ್ಬರಿಗೂ ಅನ್ನಿಸಲಿಲ್ಲ. ತಿಳಿದದ್ದು ಪ್ರಾರ್ಥನೆಯ ಹೊತ್ತಿಗೆ ಸರ್ಟಿಫಿಕೇಟು ಹಂಚಿದಾಗ. ಅವನ್ನು ಪಟ್ಟಿ ನೋಡಿ ಮೊದಲೇ ಬರೆದಿಟ್ಟಿರುತ್ತಾರೆ, ಯಾರು ಆಡಿದರು ಯಾರು ಬಿಟ್ಟರು ಎಂದು ಮತ್ತೆ ತಿದ್ದುವ ಪುರುಸೊತ್ತು ಯಾರಿಗೆ. ಖೋ ಖೋ, ಬಾಲಕಿಯರ ವಿಭಾಗ, ತಾಲೂಕು ಮಟ್ಟ, ದ್ವಿತೀಯ ಸ್ಥಾನ. ಹೆಸರು ಕರೆದಾಗ ಬಿ ಸೆಕ್ಷನ್ ಹುಡುಗಿ ಸಾಲಿನಿಂದ ಗಾಬರಿಯಾಗಿ ಎದ್ದು, ಹೋಗಿ, ಇಸಕೊಂಡು ಬಂದಳು. ಮಧ್ಯಾಹ್ನ ಊಟದ ಹೊತ್ತಿಗೆ ಅದನ್ನು ತಂದು ಕಂಬದ ಹುಡುಗಿಗೆ ಕೊಡಲು ಹೋದಳು, ಇದು ನಿಂದಂತ. ‘ನಿನ್ನ ಹೆಸರಿಗೆ ಬಂದದ, ನೀನ ಇಟ್ಕೋ’ ಅಂದಳು ಈಕೆ, ಬಹಳ ಸಹಜವಾಗಿ.

ಇಟ್ಟುಕೊಂಡಳು. ಸಿಂಧನೂರು ಕಡೆ ಮದುವೆಯಾಗಿ ಹೋದಳು. ಎರಡು ವರ್ಷದ ಹಿಂದೆ ಅವರ ಮನೆಯ ಜವಳದ ಕಾರ್ಯಕ್ಕೆ ಹೋಗಿದ್ದೆ. ಹಾಲಿನಲ್ಲಿ ಗಂಡನ ಡಿಗ್ರಿ ಫೋಟೋ, ಅದರ ಪಕ್ಕದಲ್ಲಿ ಚೌಕಟ್ಟು ಹಾಕಿಸಿದ ಆ ಸರ್ಟಿಫಿಕೇಟು. ಅದರ ಹಿಂದೆ ಇಂಥದೊಂದು ಕಥೆ ಇದೆಯೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನಾನೂ ಅದೇ ಶಾಲೆಯವಳೆಂದು ತಿಳಿದ ಕೂಡಲೇ ಆಕೆಯ ಅತ್ತೆ ನನ್ನ ಪಕ್ಕಕ್ಕೆ ಸರಿದು ಕೂತರು.

‘ನಮ್ಮ ಸೊಸಿ ಸಾಲ್ಯಾಗ ಖೋ ಖೋ ಭಾಳ ಚಲೋ ಆಡ್ತಿದ್ಲಂತಲ್ಲವ್ವ, ಖರೇ ಏನು?’

ಅಡಿಗೆಮನೆಯ ಬಾಗಿಲಲ್ಲಿ ಆಕೆ ಚಹಾದ ತಟ್ಟೆ ಹಿಡಿದು ನಿಂತಿದ್ದಳು, ನನ್ನನ್ನೇ ನೋಡುತ್ತಾ.

‘ಹೌದ್ರಿ ಅಮ್ಮ’ ಅಂದೆ. ‘ಕಂಬಕ್ಕ ಬಿದ್ಲಂದ್ರ ಯಾರೂ ತಪ್ಪಿಸ್ಕೊಂತಿದ್ದಿಲ್ಲ.’

ಚಹಾಕ್ಕೆ ಸಕ್ಕರೆ ಸಾಕೇನೆಂದು ಆಕೆ ಎರಡು ಸಲ ಕೇಳಿದಳು.